ನಲವತ್ತು ಮನೆಯ ಒಂದೇ ಬಳ್ಳಿ

ಮೊದಲು ಕೊಳೆತದ್ದು ಚರ್ಚಿನ ಪಕ್ಕದ ಮನೆಯ ಬಳ್ಳಿ. ಆಮೇಲೆ ಅದರ ಎದುರು ಮನೆಯದು. ಮಳೆ ಹಿಡಿದು ಹದಿನೈದು ದಿನ ಆಗುವಷ್ಟರಲ್ಲಿ ಚಿಸಿಂಗ್ರೆ ಊರಿನ ಒಂಬತ್ತು ಬೇಲಿಗಳ ಮೇಲೆ ಅದೇ ರೋಗ. ಎಲೆಗೆ ಕಂದು ಚುಕ್ಕೆ ಬೀಳೋದು, ಎಲೆತುದಿಯಲ್ಲಿ ತೂಗುವ ಹೂಜಿ ಸೊರಗಿ ಜೋತುಬೀಳೋದು, ನಾಲ್ಕನೇ ದಿನ ಬುಡ ಮುಟ್ಟಿದರೆ ಬೆಂದ ಗೆಣಸಿನ ಹಾಗೆ ಮೆತ್ತಗೆ.

ಈ ಬಳ್ಳಿಗೆ ನಮ್ಮ ಗಾರೋ ಗುಡ್ಡದಲ್ಲಿ ಮೆಮಂಗ್ ಕೋಕ್ಸಿ ಅಂತೀವಿ. ದೆವ್ವದ ಬುಟ್ಟಿ ಅಂತ. ಹೂಜಿಯಲ್ಲಿ ನೀರು ನಿಂತಿರುತ್ತೆ. ನೊಣವೋ ಇರುವೆಯೋ ಒಳಗೆ ಜಾರಿದರೆ ಮುಗೀತು ಅದರ ಕಥೆ, ಬಳ್ಳಿಗೆ ಅದೇ ಊಟ. ಮೇಘಾಲಯದ ಈ ಗುಡ್ಡಗಳನ್ನು ಬಿಟ್ಟರೆ ಇಡೀ ಭೂಮಿಯಲ್ಲಿ ಬೇರೆಲ್ಲೂ ಅದು ತಾನಾಗಿ ಹುಟ್ಟುವುದಿಲ್ಲವಂತೆ. ಈ ಮಾತು ನಮಗೆ ತಿಳಿದದ್ದು ಬಹಳ ತಡವಾಗಿ. ಹಿತ್ತಲ ಗಿಡ ಮದ್ದಲ್ಲ ಅಂತ ಹೇಳೋದು ಸುಮ್ಮನೆ ಅಲ್ಲ.

ಹತ್ತನೆಯದಾಗಿ ರೋಗ ಬಂದದ್ದು ಸಿಲ್ಮೆ ಮರಾಕಳ ಬೇಲಿಗೆ. ಅದನ್ನು ಅವಳಿಗಿಂತ ಮೊದಲು ಕಂಡವಳು ಪಕ್ಕದ ಮನೆ ತೋಕ್ಜೆ. ಅವಳ ಕಣ್ಣು ಚುರುಕು, ನಾಲಿಗೆ ಅದಕ್ಕಿಂತ ಚುರುಕು.

"ಸಿಲ್ಮೆ, ನಿಂದೂ ಶುರುವಾಯ್ತಲ್ಲೇ!"

"ಎಲ್ಲಿ? ಒಂದು ಎಲೆ ಹಣ್ಣಾಗಿದೆ ಅಷ್ಟೆ."

"ಹಣ್ಣಾಗಿರೋದು ನಿನ್ನ ಕಣ್ಣು. ಬುಡದಿಂದ ಮೂರನೇ ಎಲೆ ನೋಡು. ತಾಯಿಬಳ್ಳಿಗೇ ಬಂತು ಅಂದಮೇಲೆ ನಮ್ಮವು ಉಳಿಯುತ್ತವಾ? ಗುಡ್ಡಕ್ಕೆ ಬೆಂಕಿ ಹಾಕಿಸಿದೆಯಲ್ಲ, ದೆವ್ವ ಸುಮ್ಮನೆ ಬಿಡುತ್ತಾ?"

"ಭಾನುವಾರ ಚರ್ಚಲ್ಲಿ ಮುಂದಿನ ಸಾಲಲ್ಲಿ ಕೂತು ಹಾಡ್ತೀಯ, ಸೋಮವಾರ ದೆವ್ವದ ಮಾತಾಡ್ತೀಯ. ಎರಡರಲ್ಲಿ ಒಂದು ಇಟ್ಕೋ."

"ಎರಡೂ ಇರಲಿ ಬಿಡು. ಯಾವುದು ಯಾವತ್ತು ಕೆಲಸಕ್ಕೆ ಬರುತ್ತೋ!"

ಸಿಲ್ಮೆ ನಗಲಿಲ್ಲ. ಮೂರನೇ ಎಲೆಯನ್ನು ನೋಡಿದಳು. ಚುಕ್ಕೆ ಇತ್ತು. ಆ ಎಲೆಯನ್ನು ಕಿತ್ತು ಮುಷ್ಟಿಯಲ್ಲಿ ಮುಚ್ಚಿಕೊಂಡಳು.

ಯಾಕೆ ಅಂದರೆ ಅದು ಬರೀ ಬಳ್ಳಿಯಲ್ಲ. ನಮ್ಮಲ್ಲಿ ಮನೆ, ಜಮೀನು ಎಲ್ಲ ಹೆಣ್ಣಿನ ಕಡೆಯಿಂದ ನಡೆಯುತ್ತದೆ. ಗಂಡಸರು ಮದುವೆಯಾಗಿ ಹೆಂಡತಿ ಮನೆಗೆ ಬರುತ್ತಾರೆ. ಸಿಲ್ಮೆ ಕೊನೇ ಮಗಳು, ಮನೆ ಹಿಡಿದವಳು, ಊರಿನ ಗುಡ್ಡಕ್ಕೂ ಒಡತಿ. ಚಿಸಿಂಗ್ರೆಯಲ್ಲಿ ಇನ್ನೊಂದು ಪದ್ಧತಿ ಇತ್ತು. ಮಗಳು ಬೇರೆ ಮನೆ ಕಟ್ಟಿದಾಗ ತಾಯಿಮನೆಯ ದೆವ್ವದ ಬುಟ್ಟಿಯಿಂದ ಒಂದು ತುಂಡು ಕತ್ತರಿಸಿ ಕೊಡಬೇಕು. ಅವಳ ಮಗಳಿಗೆ ಅವಳು ಕೊಡಬೇಕು. ಬೇರೆ ಕಡೆಯ ಬಳ್ಳಿ ನೆಟ್ಟರೆ ತಾಯಿಮನೆಗೆ ಬೆನ್ನು ಹಾಕಿದಳು ಅಂತ ಮಾತು ಬರುತ್ತಿತ್ತು. ಹಾಗೆ ನಲವತ್ತು ಮನೆಯ ನಲವತ್ತು ಬೇಲಿಗೂ ಸಿಲ್ಮೆಯ ಅಂಗಳದಿಂದಲೇ ಬಳ್ಳಿ ಹೋಗಿತ್ತು. ತಾಯಿಬಳ್ಳಿ ಅಂತಲೇ ಅದರ ಹೆಸರು.

ಒಳಗೆ ಮಂಚದ ಮೇಲೆ ಅವಳ ತಾಯಿ ಕಾಯುತ್ತಿದ್ದಳು. ಊರಿಗೆಲ್ಲ ಅವಳು ಅಂಬಿ, ಅಂದರೆ ಅಜ್ಜಿ. ಕಣ್ಣು ಮಬ್ಬಾಗಿ ಮೂರು ವರ್ಷ. ಇನ್ನೂ ಬಾಯಿ ತೆರೆಯದ ಎಳೇ ಹೂಜಿಯ ನೀರನ್ನು ದಿನಾ ಬೆಳಿಗ್ಗೆ ಎರಡು ಹನಿ ಕಣ್ಣಿಗೆ ಬಿಡಬೇಕು, ಅದು ಅವಳ ತಾಯಿಯ ಕಾಲದ ಮದ್ದು. ಹನಿ ಬಿಡುವಾಗ ಅವಳು ಕೇಳುವ ಪ್ರಶ್ನೆ ಒಂದೇ.

"ಬಳ್ಳಿ ಹೆಂಗಿದೆ?"

"ಚೆನ್ನಾಗಿದೆ ಅಮ್ಮಾ."

"ಸುಳ್ಳು ಹೇಳ್ತೀಯ. ಹೂಜಿ ನೀರು ಹುಳಿ ವಾಸನೆ ಬರ್ತಿದೆ."

ಸಿಲ್ಮೆ ಎದ್ದು ಹೋದಳು.

ಮಾರನೇ ದಿನ ಬಾಗ್ಮಾರಾ ಪೇಟೆಯಿಂದ ಬಾಡಿಗೆ ಸುಮೋದಲ್ಲಿ ಬಾಲ್ಸೆ ಬಂದಿಳಿದಳು. ಸಿಲ್ಮೆಯ ಅಕ್ಕನ ಮಗಳು. ಕಾಲೇಜಲ್ಲಿ ಗಿಡಮರದ ವಿಷಯ ಓದಿ, ಈಗ ಅಪರೂಪದ ಗಿಡಗಳನ್ನು ಬೆಳೆಸುವ ಒಂದು ನರ್ಸರಿಯಲ್ಲಿ ಕೆಲಸ. ಊರಲ್ಲಿ ಅವಳಿಗೆ 'ಗಿಡದ ಡಾಕ್ಟರು' ಅಂತ ಅಡ್ಡಹೆಸರು; ಹೇಳುವಾಗ ಅರ್ಧ ಹೆಮ್ಮೆ, ಅರ್ಧ ಕುಚೋದ್ಯ.

ಅವಳು ಚಪ್ಪಲಿ ಬಿಡುವ ಮೊದಲೇ ಬೇಲಿ ಹತ್ತಿರ ಕೂತಳು. ಎಲೆ ತಿರುಗಿಸಿ ನೋಡಿದಳು, ಬುಡ ಒತ್ತಿ ನೋಡಿದಳು. ಹೂಗೊನೆಯ ಮೊಗ್ಗು ಬಿಡಿಸಿ ನೋಡಿದಳು. ಆಮೇಲೆ ಇಡೀ ಊರು ಸುತ್ತಿ ಬಂದಳು. ವಾಪಸು ಬಂದಾಗ ಮುಖ ಇಳಿದಿತ್ತು.

ಸಿಲ್ಮೆಯ ಗಂಡ ಜೆಂಗಾನ್ ಅವಳಿಗೆ ಹಾಲಿಲ್ಲದ ಕೆಂಪು ಚಹಾ ಕೊಟ್ಟ. "ಏನಮ್ಮಾ ಡಾಕ್ಟರೇ, ರೋಗಿ ಉಳಿಯುತ್ತಾ?"

"ಚಿಕ್ಕಮ್ಮಾ, ಈ ಬಳ್ಳಿ ಯಾವತ್ತಾದರೂ ಕಾಯಿ ಬಿಟ್ಟಿದೆಯಾ?"

"ಇಲ್ಲ. ಹೂ ಬಿಡುತ್ತೆ, ಉದುರುತ್ತೆ."

"ಊರಲ್ಲಿ ಬೇರೆ ಯಾರ ಮನೇಲಾದರೂ?"

"ಯಾರ ಮನೇದೂ ಬಿಟ್ಟಿಲ್ಲ. ಅದಕ್ಕೇನೀಗ?"

ಬಾಲ್ಸೆ ಲೋಟ ಕೆಳಗಿಟ್ಟಳು. "ಬಿಡೋದೂ ಇಲ್ಲ. ಇದರಲ್ಲಿ ಗಂಡು ಬಳ್ಳಿ ಬೇರೆ, ಹೆಣ್ಣು ಬಳ್ಳಿ ಬೇರೆ. ಇದು ಗಂಡು."

ಬೇಲಿಯ ಆಚೆಯಿಂದ ತೋಕ್ಜೆ ಕಿಸಕ್ಕೆಂದಳು. ಜೆಂಗಾನನಿಗಂತೂ ತಡೆಯಲಾಗಲಿಲ್ಲ.

"ಅಯ್ಯೋ ನನ್ನಪ್ಪಾ! ಇಷ್ಟು ವರ್ಷ ತಾಯಿ ತಾಯಿ ಅಂತ ಕೈ ಮುಗಿದದ್ದು ಒಬ್ಬ ಗಂಡಸಿಗಾ? ಈ ಊರಲ್ಲಿ ಗಂಡಸಿಗೆ ಇಷ್ಟು ಮರ್ಯಾದೆ ಸಿಕ್ಕಿದ್ದು ಇದೇ ಮೊದಲು ಬಿಡು!"

"ಬಾಯಿ ಮುಚ್ಚಿ," ಎಂದಳು ಸಿಲ್ಮೆ. ಅವಳ ಕಿವಿ ಕೆಂಪಾಗಿತ್ತು. "ನಲವತ್ತು ಬಳ್ಳಿ ಇದೆ ಬಾಲ್ಸೆ. ನಲವತ್ತೂ ಗಂಡಾ?"

"ನಲವತ್ತಿಲ್ಲ ಚಿಕ್ಕಮ್ಮಾ. ಇರೋದು ಒಂದೇ."

"ಏನು ಹುಚ್ಚುಚ್ಚು ಮಾತಾಡ್ತೀಯೇ? ಎಣಿಸಿ ಬಾ ಬೇಕಾದರೆ."

"ತುಂಡು ಕತ್ತರಿಸಿ ನೆಟ್ಟರೆ ಅದು ಮಗಳಲ್ಲ, ಅದೇ ಬಳ್ಳಿ. ನಿನ್ನ ಬೆರಳು ಕತ್ತರಿಸಿ ಆ ಮನೇಲಿ ಇಟ್ಟರೆ ಅದು ಬೇರೆ ಹೆಂಗಸು ಆಗುತ್ತಾ? ಒಂದಕ್ಕೆ ಯಾವ ರೋಗ ತಡೆಯೋ ಶಕ್ತಿ ಇಲ್ಲವೋ, ನಲವತ್ತಕ್ಕೂ ಇಲ್ಲ. ಅದಕ್ಕೇ ಒಂದು ಮನೆ ಆದಮೇಲೆ ಒಂದು ಮನೆ ಬೀಳ್ತಾ ಇದೆ."

ಸಿಲ್ಮೆಗೆ ಸಿಟ್ಟು ಬಂತು. ಕಾಲೇಜು ಓದಿದವರಿಗೆ ಎಲ್ಲದಕ್ಕೂ ಒಂದು ಮಾತಿರುತ್ತೆ, ಅನ್ನಿಸಿತು. "ಔಷಧಿ ಇದ್ದರೆ ಕೊಡು, ಪಾಠ ಬೇಡ," ಅಂದಳು.

"ಕೊಡ್ತೀನಿ. ಆದರೆ ಒಂದು ಮಾತು ಹೇಳು. ಬೆಟ್ಟದ ಹೊಲದಲ್ಲಿ ನೀನು ಏನು ಬಿತ್ತಿದ್ದೀಯ?"

"ಎಲ್ಲರೂ ಬಿತ್ತೋದೇ. ಭತ್ತ, ನವಣೆ, ಜೋಳ, ಗೆಣಸು, ಮೆಣಸಿನಕಾಯಿ, ಸೋರೆ."

"ಬರೀ ಭತ್ತ ಬಿತ್ತಬಹುದಿತ್ತಲ್ಲ?"

"ಭತ್ತಕ್ಕೆ ಹುಳ ಬಿದ್ದರೆ ಮಣ್ಣು ತಿನ್ನಲಾ? ಒಂದು ಹೋದರೆ ಒಂದು ಕೈ ಹಿಡಿಯುತ್ತೆ ಅಂತ ತಾನೇ..."

ಮಾತು ಅಲ್ಲಿಗೇ ನಿಂತಿತು. ತನ್ನ ಬಾಯಿಂದ ಏನು ಬಂತು ಅಂತ ಸಿಲ್ಮೆಗೇ ಕೇಳಿಸಿತ್ತು.

ಬಾಲ್ಸೆ ಮೆಲ್ಲಗೆ ಹೇಳಿದಳು: "ನಾವು ಮರಾಕ್ ಕುಲದವರು ನಮ್ಮ ಕುಲದಲ್ಲೇ ಮದುವೆ ಆಗಲ್ಲ. ಹಾಗೆ ಆದರೆ ಊರೇ ಉಗಿಯುತ್ತೆ. ಹೊಸ ರಕ್ತ ಬರಲಿ ಅಂತ ಹಿರಿಯರು ಹಾಕಿದ ಕಟ್ಟು. ನಮಗೆ ಗೊತ್ತಿರೋ ನ್ಯಾಯವನ್ನ ಬಳ್ಳಿಗೆ ಕೊಡಲಿಲ್ಲ, ಅಷ್ಟೆ. ಈಗಲೂ ಗಾಬರಿ ಬೇಡ. ಬೀಜದಿಂದ ಹುಟ್ಟಿದ ಬಳ್ಳಿ ಬೇಕು. ಬೀಜದ ಸಸಿ ಒಂದೊಂದೂ ಬೇರೆ ಬೇರೆ. ರೋಗ ಬಂದರೆ ಹತ್ತು ಸತ್ತು ಎರಡಾದರೂ ಉಳೀತಾವೆ. ನಮ್ಮ ಹಳ್ಳದ ಮೇಲಿನ ಇಳಿಜಾರಲ್ಲಿ ಕಾಡುಬಳ್ಳಿ ತುಂಬ ಇತ್ತಲ್ಲ, ನಾನು ಚಿಕ್ಕವಳಿದ್ದಾಗ ಅಲ್ಲಿ ಕಾಯಿ ನೋಡಿದ ನೆನಪು. ನಡಿ ಹೋಗೋಣ."

ಸಿಲ್ಮೆ ಕೂತಲ್ಲಿಂದ ಏಳಲಿಲ್ಲ.

ಜೆಂಗಾನ್ ನೆಲ ನೋಡುತ್ತಾ ಹೇಳಿದ: "ಆ ಇಳಿಜಾರು ಈಗಿಲ್ಲಮ್ಮಾ. ಮಾಘದಲ್ಲಿ ಸುಟ್ಟೆವು. ಗೇರು ಹಾಕಿದ್ದೀವಿ."

ಕಥೆ ಇದು. ಹಳ್ಳದ ಮೇಲಿನ ಇಳಿಜಾರು ಕಲ್ಲುನೆಲ. ಭತ್ತ ಬರಲ್ಲ ಅಂತ ಹಿರಿಯರು ಅಲ್ಲಿಗೆ ಕೊಡಲಿ ಒಯ್ದಿರಲಿಲ್ಲ. ಗೇರು ಮಾತ್ರ ಕಲ್ಲುನೆಲದಲ್ಲೂ ಬರುತ್ತೆ ಅಂತ ಯಾರೋ ಹೇಳಿದರು. ಗುಡ್ಡದ ಒಡತಿ ಸಿಲ್ಮೆ 'ಹೂಂ' ಅಂದರೆ ಆಯಿತು. ಆವತ್ತು ಅಂಬಿ ಮಂಚದಿಂದಲೇ ಕೂಗಿ ಹೇಳಿದ್ದಳು: "ಅದೊಂದು ಬಿಡೇ. ಅಲ್ಲಿ ದೆವ್ವದ ಬುಟ್ಟಿ ಇದೆ." ಅದಕ್ಕೆ ಸಿಲ್ಮೆ ಕೊಟ್ಟ ಉತ್ತರ ಇಡೀ ಮನೆಗೆ ನೆನಪಿತ್ತು: "ಮನೆ ಮನೆ ಬೇಲಿಲಿ ಇದೆಯಲ್ಲಮ್ಮಾ. ಗುಡ್ಡದ್ದು ಯಾರಿಗೆ ಬೇಕು? ಒಂದು ಹಸಿರು, ಒಂದು ಕೆಂಪು, ಒಂದು ಗಿಡ್ಡ, ಒಂದು ಸಣಕಲು. ಒಂದರ ಹಾಗೆ ಒಂದಿಲ್ಲ."

ಆದರೂ ಮೂವರೂ ಹತ್ತಿದರು. ಕರಿ ಬಂಡೆ, ಕರಿ ಮಣ್ಣು, ಮೊಣಕಾಲೆತ್ತರದ ಗೇರು ಸಸಿಗಳ ಸಾಲು. ಮಳೆಗೆ ಬೂದಿ ಹಳ್ಳಕ್ಕೆ ಕೊಚ್ಚಿಹೋಗಿತ್ತು. ಸುಟ್ಟ ಬುಡಗಳು ಅಲ್ಲಲ್ಲಿ ಕಡ್ಡಿಯ ಹಾಗೆ ನಿಂತಿದ್ದವು; ಬಾಲ್ಸೆ ಒಂದೊಂದನ್ನೂ ಉಗುರಿನಿಂದ ಕೆರೆದು, ಹಸಿರು ಕಾಣದೆ, ಮುಂದಕ್ಕೆ ಹೋಗುತ್ತಿದ್ದಳು. ಸಿಲ್ಮೆ ಹಿಂದೆ ಹಿಂದೆ ನಡೆದಳು. ಈ ದಾರಿಯಲ್ಲಿ ಸೌದೆಗೆ ಬಂದಾಗ ಬಳ್ಳಿಗಳು ಕಾಲಿಗೆ ತೊಡರುತ್ತವೆ ಅಂತ ಎಷ್ಟು ಸಲ ಬೈದುಕೊಂಡಿದ್ದಳೋ. ಈಗ ತೊಡರಲು ಏನೂ ಇರಲಿಲ್ಲ.

"ಎಷ್ಟಿದ್ದವು ಚಿಕ್ಕಮ್ಮಾ ಇಲ್ಲಿ?"

"ಗೊತ್ತಿಲ್ಲ."

"ಅಂದಾಜು?"

"ಯಾರು ಎಣಿಸ್ತಾರೆ ಬಾಲ್ಸೆ? ಇದ್ದವು. ಬಹಳ ಇದ್ದವು."

ಸಂಜೆ ಆಗುತ್ತಾ ಬಂದಿತ್ತು. ಹಳ್ಳದ ಆ ಕಡೆ, ಬೆಂಕಿ ದಾಟದ ಬಂಡೆಯ ಮೂಲೆಯಿಂದ ಜೆಂಗಾನ್ ಕೂಗಿದ. ಓಡಿಹೋಗಿ ನೋಡಿದರೆ ಬಂಡೆಯ ಸೀಳಿನಲ್ಲಿ ಒಂದು ಬಳ್ಳಿ, ಹಸಿರು ಹೂಜಿ, ಸಣ್ಣದು, ಚೆಂದವೇನಲ್ಲ. ಮೇಲಿನ ಕಡ್ಡಿಯಲ್ಲಿ ಹೋದ ವರ್ಷದ ಒಣಕಾಯಿಯ ಸಿಪ್ಪೆ ಬಾಯಿಬಿಟ್ಟುಕೊಂಡಿತ್ತು.

ಬಾಲ್ಸೆ ಬಂಡೆಗೆ ಹಣೆ ಒತ್ತಿ ನಿಂತಳು. "ಹೆಣ್ಣು," ಅಂದಳು. "ಒಂದೇ ಒಂದು."

"ಬೀಜ ಇದೆಯಾ?" ಸಿಲ್ಮೆ ಒಣಕಾಯಿಯ ಕಡೆ ಕೈ ಚಾಚಿದಳು.

"ಹಾರಿಹೋಗಿದೆ. ಕೂದಲಿನಷ್ಟು ಹಗುರ, ಬಹಳ ದಿನ ಬಾಳೋದೂ ಇಲ್ಲ. ಬಿದ್ದದ್ದು ಬೆಂಕಿಯಲ್ಲಿ ಹೋಗಿರುತ್ತೆ. ಮಳೆಗಾಲದ ಕೊನೆಗೆ ಇದು ಮತ್ತೆ ಹೂ ಬಿಡುತ್ತೆ. ಆಗ ಗಂಡುಹೂವಿನ ಪುಡಿ ಬೇಕು."

"ಮನೇದು ಇದೆಯಲ್ಲ, ಗಂಡು!"

"ಅಲ್ಲಿವರೆಗೆ ಉಳಿದರೆ."

ಉಳಿಯಲಿಲ್ಲ. ಬಾಲ್ಸೆ ಕೊಟ್ಟ ಔಷಧಿ ಹೊಡೆದರು. ಕೊಳೆತ ತುಂಡು ಕತ್ತರಿಸಿ ಊರಾಚೆ ಸುಟ್ಟರು. ಒಂದು ಮನೆಯ ಕತ್ತಿಯನ್ನು ಇನ್ನೊಂದು ಮನೆಯ ಬಳ್ಳಿಗೆ ಮುಟ್ಟಿಸಬೇಡಿ ಅಂತ ಅವಳು ಮನೆ ಮನೆಗೆ ಹೇಳಿ ಬಂದಳು. ಒಳ್ಳೆ ತುಂಡು ಅಂತ ನಾಲ್ಕನ್ನು ಆರಿಸಿ ನರ್ಸರಿಗೆ ಒಯ್ದಳು. ಅವೂ ಅಲ್ಲೇ ಕೊಳೆತವು. ಶ್ರಾವಣ ಕಳೆಯುವಾಗ ಚಿಸಿಂಗ್ರೆಯ ನಲವತ್ತು ಬೇಲಿಯೂ ಬೋಳು. ಎಲ್ಲಕ್ಕಿಂತ ಕೊನೆಗೆ ಹೋದದ್ದು ಸಿಲ್ಮೆಯ ಅಂಗಳದ ಬಳ್ಳಿ. ಅದನ್ನು ಕಿತ್ತ ದಿನ ಅವಳು ಊಟ ಮಾಡಲಿಲ್ಲ, ಗಂಡನನ್ನೂ ಹತ್ತಿರ ಸೇರಿಸಲಿಲ್ಲ.

ಅಂಬಿಗೆ ಹೇಳಿದವರು ಯಾರೂ ಇಲ್ಲ. ಆದರೆ ಕಣ್ಣಿಗೆ ಹನಿ ಬೀಳುವುದು ನಿಂತಿತಲ್ಲ. ತುರಾ ಪಟ್ಟಣದ ಕಣ್ಣಿನ ಡಾಕ್ಟರ ಹತ್ತಿರ ಹೋಗೋಣ, ಅದು ಪೊರೆ, ಹೂಜಿ ನೀರಿಗೆ ಹೋಗೋದಲ್ಲ ಅಂತ ಬಾಲ್ಸೆ ಎಷ್ಟು ಹೇಳಿದರೂ ಮುದುಕಿ ಒಪ್ಪಲಿಲ್ಲ.

"ನೋಡೋಕೆ ಇನ್ನೇನು ಉಳಿದಿದೆ?" ಅಂದಳು. ಆಮೇಲೆ ಮಗಳ ಕಡೆ ತಿರುಗಿ, "ಗುಡ್ಡದಲ್ಲಿ ಎಷ್ಟಿದ್ದವು ಸಿಲ್ಮೆ?" ಅಂತ ಕೇಳಿದಳು.

ಸಿಲ್ಮೆಗೆ ಉತ್ತರ ಗೊತ್ತಿರಲಿಲ್ಲ. ಅಂದಿನಿಂದ ಅಂಬಿಯ ಬೆಳಗಿನ ಪ್ರಶ್ನೆ ಅದೇ ಆಯಿತು.

ಭಾದ್ರಪದದಲ್ಲಿ ಬಂಡೆಯ ಬಳ್ಳಿ ಹೂಗೊನೆ ಎತ್ತಿತು. ಗಂಡು ಪುಡಿ ಎಲ್ಲಿಂದ ತರುವುದು? ಎರಡು ಗುಡ್ಡದಾಚೆ ವಾಚೆಕ್‌ಗ್ರೆ ಊರಿನ ಕಾಡಲ್ಲಿ ಬಳ್ಳಿಗಳಿವೆ, ಅಲ್ಲಿನ ಒಡತಿ ಯಾರನ್ನೂ ಒಳಗೆ ಬಿಡುವುದಿಲ್ಲ ಅಂತ ಬಾಲ್ಸೆಗೆ ಗೊತ್ತಿತ್ತು.

ಜೆಂಗಾನ್ ಬಹಳ ದಿನದ ಮೇಲೆ ಒಂದು ತಮಾಷೆ ಮಾಡಿದ. "ಹಳೇ ಕಾಲದ ಮದುವೆ ಹಾಗೆ ಗಂಡು ಹಿಡಿದು ತರೋಣ ಬಿಡಿ. ನನ್ನನ್ನೂ ಹಾಗೇ ತಾನೇ ಹಿಡಿದದ್ದು? ಇವಳಣ್ಣಂದಿರು ಪೊದೆಯಲ್ಲಿ ಅವಿತು ಕೂತು, ಹೊತ್ಕೊಂಡು ಬಂದು ಈ ಅಂಗಳದಲ್ಲಿ ಕೆಡವಿದರು. ಎರಡು ಸಲ ತಪ್ಪಿಸ್ಕೊಂಡು ಓಡಿದೆ."

"ಮೂರನೇ ಸಲ ಯಾಕೆ ಓಡಲಿಲ್ಲ ಚಿಕ್ಕಪ್ಪಾ?"

"ನಿನ್ನ ಚಿಕ್ಕಮ್ಮ ಒಣಮೀನಿನ ಸಾರು ಮಾಡಿದ್ದಳು. ಹಾಳು ಹೊಟ್ಟೆ!"

ಸಿಲ್ಮೆ ಈ ಸಲ ಸ್ವಲ್ಪ ನಕ್ಕಳು. ನಕ್ಕದ್ದಕ್ಕೆ ಮತ್ತೆ ತಾನೇ ನಾಚಿದಳು.

ವಾಚೆಕ್‌ಗ್ರೆಗೆ ಸಿಲ್ಮೆ ಮತ್ತು ಬಾಲ್ಸೆ ಇಬ್ಬರೇ ಹೋದರು. ಅರ್ಧ ದಿನ ಸುಮೋ, ಅರ್ಧ ದಿನ ನಡಿಗೆ, ಉದ್ದಕ್ಕೂ ಜಿಗಣೆ. ಅಲ್ಲಿನ ಒಡತಿ ಗೋಂಜೆ ಗಟ್ಟಿ ಹೆಂಗಸು. ಜಗುಲಿ ಮೇಲೆ ಕೂರಿಸಿ ಚಹಾ ಕೊಟ್ಟಳು, ಮಾತು ಕೇಳಿದಳು, ಆಮೇಲೆ ಲೋಟ ಎತ್ತಿಟ್ಟು ಹೇಳಿದಳು:

"ಚಿಸಿಂಗ್ರೆಯವರಾ? ನಿಮ್ಮ ಗುಡ್ಡ ಏನಾಯ್ತು?"

ಬಾಲ್ಸೆ ಏನೋ ಹೇಳಲು ಬಾಯಿ ತೆರೆದಳು. 'ಬೆಂಕಿ ಬಿತ್ತು' ಅಂದಿದ್ದರೂ ಸಾಕಿತ್ತು. ಕಾಡಿಗೆ ಬೆಂಕಿ ಬೀಳೋದು ಹೊಸದೇನಲ್ಲ. ಆದರೆ ಸಿಲ್ಮೆ ಅವಳ ಕೈ ಹಿಡಿದು ನಿಲ್ಲಿಸಿದಳು.

"ನಾನು ಸುಡಿಸಿದೆ ಅಕ್ಕಾ. ಅಮ್ಮ ಬೇಡ ಅಂದಳು, ಕೇಳಲಿಲ್ಲ. ಬೇಲಿ ಮೇಲೆ ನಲವತ್ತು ಇದೆ ಅಂತ ಕೊಬ್ಬು ನನಗೆ. ನಲವತ್ತೂ ಹೋದವು."

"ಮಾಡಿದ್ದುಣ್ಣೋ ಮಹಾರಾಯ ಅಂತಾರೆ. ನಿಮ್ಮದನ್ನ ಸುಟ್ಟು ನಮ್ಮದಕ್ಕೆ ಕೈ ಚಾಚ್ತೀರಾ? ನಾಳೆ ಜೀಪಲ್ಲಿ ಬಂದು ಬುಡಸಮೇತ ಒಯ್ಯಲ್ಲ ಅಂತ ಏನು ಗ್ಯಾರಂಟಿ? ಹೋದ ವರ್ಷ ಇಬ್ಬರು ಹೀಗೇ ಸಿಹಿಮಾತಾಡಿ ಬಂದು ಚೀಲ ತುಂಬ್ಕೊಂಡು ಓಡಿದರು."

"ಬಳ್ಳಿ ಬೇಡ. ಹೂವಿನ ಪುಡಿ ಸಾಕು, ಒಂದು ಚಿಟಿಕೆ. ಅದೂ ಬೇಡ ಅಂದರೆ ಎದ್ದು ಹೋಗ್ತೀವಿ," ಎಂದಳು ಸಿಲ್ಮೆ. ಕಣ್ಣಲ್ಲಿ ನೀರು ನಿಂತಿತ್ತು, ಒರೆಸಿಕೊಳ್ಳಲಿಲ್ಲ. "ಕಾಯಿ ಕಟ್ಟಿದರೆ, ಸಸಿ ಎದ್ದರೆ, ಅರ್ಧ ನಿಮ್ಮವು. ನಾನೇ ತಲೆ ಮೇಲೆ ಹೊತ್ತು ತಂದುಕೊಡ್ತೀನಿ."

ಗೋಂಜೆ ಬಹಳ ಹೊತ್ತು ಅವಳ ಕಾಲು ನೋಡಿದಳು. ಜಿಗಣೆ ಕಚ್ಚಿದ ಕಡೆ ರಕ್ತ ಹರಿದು ಒಣಗಿತ್ತು.

"ನಮ್ಮ ಕಾಡಲ್ಲೇ ಬಳ್ಳಿ ಇರುವಾಗ ನಿಮ್ಮ ಸಸಿ ನಮಗೆ ಯಾಕೆ?"

ಇದಕ್ಕೆ ಬಾಲ್ಸೆ ಉತ್ತರ ಕೊಟ್ಟಳು. "ನಿಮ್ಮ ಬಳ್ಳಿಗಳೂ ತಲೆತಲಾಂತರದಿಂದ ತಮ್ಮತಮ್ಮಲ್ಲೇ ಬೆಳೆದಿವೆ ಅಮ್ಮಾ. ಹೊರಗಿನ ರಕ್ತ ನಿಮಗೂ ಬೇಕು. ಇವತ್ತು ನಮಗೆ ಬಂದ ರೋಗ ನಾಳೆ ಎರಡು ಗುಡ್ಡ ದಾಟಿ ಬರಲ್ಲ ಅಂತ ಯಾರು ಹೇಳ್ತಾರೆ? ಹೆಣ್ಣುಮಕ್ಕಳಿಗೆ ಗಂಡು ತರೋಕೆ ಬೇರೆ ಊರಿಗೆ ಹೋಗಲ್ವಾ, ಹಂಗೇ."

ಮಾರನೇ ಬೆಳಿಗ್ಗೆ ಗೋಂಜೆ ತಾನೇ ಮುಂದೆ ನಡೆದು ತನ್ನ ಕಾಡಿಗೆ ಕರೆದೊಯ್ದಳು. ಒಂದೇ ಬಳ್ಳಿಯಿಂದಲ್ಲ, ಮೂರು ಬೇರೆ ಬೇರೆ ಗಂಡುಬಳ್ಳಿಗಳ ಹಳದಿ ಪುಡಿಯನ್ನು ಬಾಲ್ಸೆ ಮೂರು ಕಾಗದದ ಪೊಟ್ಟಣದಲ್ಲಿ ಕಟ್ಟಿ, ಸ್ಟೀಲು ಡಬ್ಬಿಯಲ್ಲಿಟ್ಟು, ಅದನ್ನು ಸಿಲ್ಮೆಯ ಕೈಗೆ ಕೊಟ್ಟಳು. ದಾರಿಯುದ್ದಕ್ಕೂ ಸಿಲ್ಮೆ ಡಬ್ಬಿ ಎದೆಗೆ ಒತ್ತಿಕೊಂಡು ಕೂತಿದ್ದಳು. ಸುಮೋದಲ್ಲಿ ಒಬ್ಬ ಕೇಳಿದ, "ಏನಕ್ಕಾ, ಚಿನ್ನವಾ?" ಅವಳು ಡಬ್ಬಿಯ ಮುಚ್ಚಳ ಇನ್ನೊಮ್ಮೆ ಒತ್ತಿ ನೋಡಿದಳು.

ಊರಿಗೆ ಬಂದಿಳಿದರೆ ಮನೆಯ ಅಂಗಳದ ತುಂಬ ಜನ. ಸುಮೋ ಸದ್ದಿಗೇ ಮಂಚದಿಂದ ಕೂಗುತ್ತಿದ್ದ ಅಂಬಿಯ ದನಿ ಮಾತ್ರ ಕೇಳಲಿಲ್ಲ. ತೋಕ್ಜೆ ಎದುರಿಗೆ ಬಂದು ಸಿಲ್ಮೆಯ ಭುಜ ಹಿಡಿದಳು. ಅವಳಿಗೆ ಮಾತು ಹೊರಡದ್ದು ಅದೇ ಮೊದಲು.

ಅಂಬಿ ಹಿಂದಿನ ಸಂಜೆಯೇ ಹೋಗಿಬಿಟ್ಟಿದ್ದಳು. ಜ್ವರವಿಲ್ಲ, ಕೆಮ್ಮಿಲ್ಲ. ಗಂಜಿ ಕುಡಿದು ಮಲಗಿದವಳು ಏಳಲಿಲ್ಲ. ಜೆಂಗಾನ್ ಹತ್ತಿರವೇ ಇದ್ದನಂತೆ. "ಕೊನೇಲಿ ಏನಾದರೂ ಅಂದಳಾ?" ಅಂತ ಸಿಲ್ಮೆ ಕೇಳಿದಳು. ಅವನು ಹೇಳಲೋ ಬೇಡವೋ ಅಂತ ನಿಂತ.

"ಅದೇ," ಅಂದ. "ಎಷ್ಟಿದ್ದವು ಅಂತ ಕೇಳಿದಳು. ಗೊತ್ತಿಲ್ಲ ಅಂದೆ."

ಮಣ್ಣು ಮಾಡಿದ ಮಾರನೇ ಬೆಳಿಗ್ಗೆ, ಸಾವಿನ ಮನೆಯವಳು ಹೊರಗೆ ಹೋಗಬಾರದು ಅಂತ ನಾಲ್ಕು ಜನ ಅಂದರೂ ಕೇಳದೆ, ಸಿಲ್ಮೆ ಡಬ್ಬಿ ಹಿಡಿದು ಬಂಡೆ ಹತ್ತಿದಳು. ಹೂ ಅರಳಿತ್ತು, ಇನ್ನೆರಡು ದಿನ ತಡವಾಗಿದ್ದರೆ ಬಾಡುತ್ತಿತ್ತು. ಬಾಲ್ಸೆ ತೋರಿಸಿಕೊಟ್ಟ ಹಾಗೆ ಕೋಳಿಯ ಗರಿಯ ತುದಿಯಿಂದ ಪುಡಿಯನ್ನು ಒಂದೊಂದು ಹೂವಿಗೂ ಮುಟ್ಟಿಸಿದಳು. ಪೊಟ್ಟಣಕ್ಕೊಂದು ಗರಿ. ಕೆಳಗೆ ನಿಂತು ಏಣಿ ಹಿಡಿದ ಜೆಂಗಾನ್ ಒಂದೂ ತಮಾಷೆ ಮಾಡಲಿಲ್ಲ.

ಕಾಯಿ ಕಟ್ಟಿತು. ಎಲ್ಲವೂ ಅಲ್ಲ, ಕೆಲವು ಜೊಳ್ಳು, ಕೆಲವನ್ನು ಹುಳ ತಿಂದಿತು. ಸಿಕ್ಕ ಬೀಜವನ್ನು ಬಾಲ್ಸೆ ಪಾಚಿಯ ಮೇಲೆ ಚೆಲ್ಲಿದಳು. ನೂರಾರು ಬೀಜಕ್ಕೆ ಇಪ್ಪತ್ತಾರು ಮೊಳಕೆ. ಚಳಿ ಕಳೆಯುವಾಗ ಹದಿನೆಂಟು. ಒಂಬತ್ತನ್ನು ಸಿಲ್ಮೆ ತಾನೇ ಹೊತ್ತುಕೊಂಡು ಹೋಗಿ ವಾಚೆಕ್‌ಗ್ರೆಯಲ್ಲಿ ಗೋಂಜೆಯ ಕೈಗಿಟ್ಟು ಬಂದಳು. ಇನ್ನೊಂಬತ್ತನ್ನು ಇಳಿಜಾರಿನಲ್ಲಿ, ಬೇರೆ ಬೇರೆ ಒಂಬತ್ತು ಕಡೆ ನೆಟ್ಟಳು. ಅಲ್ಲಿನ ಗೇರು ಸಸಿಗಳನ್ನು ಜೆಂಗಾನ್ ಒಂದೂ ಬಿಡದೆ ಕಿತ್ತು ಬೇರೆ ಹೊಲಕ್ಕೆ ಸಾಗಿಸಿದ. ಹಳ್ಳದ ಮೇಲೆ ಇನ್ನು ಬೆಂಕಿ ಇಲ್ಲ, ಕೊಡಲಿ ಇಲ್ಲ ಅಂತ ಊರಿನ ಮುಂದೆ ಸಿಲ್ಮೆ ಹೇಳಿದಳು. ತೋಕ್ಜೆ ಮೊದಲು ಕೈ ಎತ್ತಿದಳು.

"ಬೇಲಿಗೆ ಬೇಡವೇನೇ ಒಂದು ತುಂಡು?" ಅಂತ ಯಾರೋ ಕೇಳಿದರು.

"ಬೇಡ. ಬೇಕಾದವರು ಬೀಜದ ಸಸಿ ಬರೋವರೆಗೆ ಕಾಯಲಿ. ಇನ್ನು ತಾಯಿಬಳ್ಳಿ ಅಂತ ಯಾವುದನ್ನೂ ಕರೆಯೋದೂ ಬೇಡ."

ಈಗ ಎರಡು ವರ್ಷ ಆಯಿತು. ಒಂಬತ್ತರಲ್ಲಿ ಆರು ಉಳಿದಿವೆ. ಗೇಣುದ್ದ ಇವೆ ಅಷ್ಟೆ. ಯಾವುದು ಗಂಡು, ಯಾವುದು ಹೆಣ್ಣು ಅಂತ ಹೂ ಬಿಡುವವರೆಗೆ ಯಾರಿಗೂ ತಿಳಿಯುವುದಿಲ್ಲ. ಅದಕ್ಕೆ ಇನ್ನೂ ಎಷ್ಟು ವರ್ಷವೋ. ಆರೂ ಒಬ್ಬಳೇ ತಾಯಿಯ ಮಕ್ಕಳು, ಅದೂ ಸಾಲದು, ಇನ್ನೂ ಬೇರೆ ಊರುಗಳಿಗೆ ಹೋಗಬೇಕು ಅಂತಾಳೆ ಬಾಲ್ಸೆ. ಸುಟ್ಟು ಹೋದವುಗಳಲ್ಲಿ ಈ ರೋಗ ತಡೆಯುವಂಥದ್ದು ಒಂದಾದರೂ ಇತ್ತೋ ಏನೋ. ಇತ್ತು ಅಂತಲೂ ಹೇಳುವ ಹಾಗಿಲ್ಲ, ಇಲ್ಲ ಅಂತಲೂ ಹೇಳುವ ಹಾಗಿಲ್ಲ. ಆ ಸಂಕಟ ಸಿಲ್ಮೆಗೆ ಹೋಗಿಲ್ಲ.

ಅವಳು ಈಗ ದಿನಾ ಬೆಳಿಗ್ಗೆ ಇಳಿಜಾರು ಹತ್ತುತ್ತಾಳೆ. ಒಂದು ಕೆಂಪು, ಒಂದು ಹಸಿರು, ಒಂದು ಗಿಡ್ಡ, ಒಂದು ಸಣಕಲು. ಒಂದರ ಹಾಗೆ ಒಂದಿಲ್ಲ. ಮೊನ್ನೆ ಅದನ್ನು ಬಾಯಿಬಿಟ್ಟು ಹೇಳಿಯೂ ಬಿಟ್ಟಳು, ಹೇಳಿ ಅಲ್ಲೇ ಬಂಡೆ ಮೇಲೆ ಕೂತು ಅತ್ತಳು.

ಇದನ್ನು ಓದುತ್ತಿರುವ ಅಕ್ಕಂದಿರೇ, ಕೇಳುತ್ತಿರುವ ಅಣ್ಣಂದಿರೇ, ನಿಮ್ಮ ಊರ ಗುಡ್ಡದಲ್ಲೂ ಇಂಥದ್ದೊಂದು ಇರುತ್ತದೆ. ಹೆಸರು ಬೇರೆ ಇರಬಹುದು. ನಿಮ್ಮ ಗುಡ್ಡ ಬಿಟ್ಟರೆ ಅದಕ್ಕೆ ಲೋಕದಲ್ಲಿ ಬೇರೆ ಮನೆ ಇಲ್ಲದೆ ಇರಬಹುದು. ಅಂಗಳದಲ್ಲಿ ನೆಟ್ಟಿದ್ದೀವಿ, ಉಳಿಸಿದ್ದೀವಿ ಅಂದುಕೊಳ್ಳಬೇಡಿ. ಒಂದೇ ಗಿಡದ ತುಂಡು ಸಾವಿರ ಇದ್ದರೂ ಅದು ಒಂದೇ. ಕಾಡಿನಲ್ಲಿ ಇರುವುದನ್ನು ಕಾಡಿನಲ್ಲೇ ಬಿಡಿ. ಚೆಂದ ಇಲ್ಲದ್ದನ್ನೂ ಬಿಡಿ. ಚೀಲ ಹಿಡಿದು ಬಂದವರಿಗೆ ಕೊಡಬೇಡಿ. ಬೆಳೆಸುವುದಾದರೆ ಬೀಜದಿಂದ ಬೆಳೆಸಿ, ಹತ್ತು ಗಿಡದ ಬೀಜ ಬೆರೆಸಿ, ಪಕ್ಕದ ಊರಿನವರ ಜೊತೆ ಕೊಟ್ಟು ತಂದು ಮಾಡಿ, ತಿಳಿದವರನ್ನು ಕೇಳಿ. ಕೊಡಲಿ ಎತ್ತುವ ಮೊದಲು, ಬೆಂಕಿಕಡ್ಡಿ ಗೀರುವ ಮೊದಲು, ಮನೆಯ ಮುದುಕಿ ಏನಂತಾಳೆ ಅಂತ ಒಂದು ಸಲ ಕೇಳಿ.

ಮತ್ತೆ, ನಾಳೆ ಬೆಳಿಗ್ಗೆ ಹೋಗಿ ಎಣಿಸಿ ಬನ್ನಿ. ಎಷ್ಟಿವೆ ಅಂತ ನಿಮ್ಮ ತಾಯಿ ಕೇಳಿದರೆ ಹೇಳುವುದಕ್ಕಾದರೂ ಬೇಕು.